‘ಹಕ್ಕಿ ಕಾಯಾಕ ಹೋಗ್ಯಾನ್ರಿ, ಸಾಲಿಗೆ ಬರಂಗಿಲ್ಲ’

ಆಫೀಸಿಗೆ ಹತ್ತು ನಿಮಿಷ ಲೇಟಾದ್ರೆ ಏನಾಗುತ್ತೆ? ಬಯೋಮೆಟ್ರಿಕ್ ಮಷಿನ್ ಟೈಮ್ ಬರ್ಕೊಳ್ಳುತ್ತೆ, ತಿಂಗಳ ಕೊನೆಗೆ ಎಚ್‌ಆರ್‌ನಿಂದ ಒಂದು ಮೇಲ್ ಬರುತ್ತೆ. ಅಷ್ಟೇ.

ಇನ್ನೂರು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಸಾಲಿಗೆ ತಡವಾಗಿ ಹೋದ್ರೆ ಲೆಕ್ಕ ಬೇರೆ ಇತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯೋರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅಂದ್ರೆ ನಿನಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಏರ್ತಾ ಹೋಗೋದು. ಹನ್ನೆರಡು ಹುಡುಗರಿರೋ ಸಾಲಿಯಲ್ಲಿ ಕೊನೆಗೆ ಬಂದವನಿಗೆ ಬೆಳಗಿನ ತಿಂಡಿಗೆ ಹತ್ತು ಏಟು.

ಇದು ಕಟ್ಟುಕಥೆ ಅಲ್ಲ. ಬಳ್ಳಾರಿ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಮದ್ರಾಸಿಗೆ ಕಳಿಸಿದ ವರದಿಯಲ್ಲಿದೆ.

ಈ ವಾರ ಇದೆಲ್ಲ ನೆನಪಾಗೋಕೆ ಕಾರಣ ಒಂದು ರೀಲ್. ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ ಹಳ್ಳಿ ಶಾಲೆಯಲ್ಲಿ ಮಕ್ಕಳ ದಿನ ಹೇಗಿತ್ತು ಅಂತ ತೋರಿಸೋದು. ಒಂದೇ ಕೋಣೆ, ಸಾಲು ಬೆಂಚು, ಸ್ಲೇಟು, ಕೈಯಲ್ಲಿ ಬೆತ್ತ ಹಿಡಿದ ಮೇಷ್ಟ್ರು. ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಅದನ್ನ ಯಾರೋ ಹಾಕಿದ್ರು. ಕೆಳಗೆ ಒಬ್ಬ ಗೆಳೆಯ ಕೇಳಿದ: ‘ಆಗ ನಮ್ಮ ಇಳಕಲ್ಲ, ಹುನಗುಂದದಾಗ ಸಾಲಿ ಹೆಂಗಿತ್ತಲೇ?’

ಒಳ್ಳೇ ಪ್ರಶ್ನೆ. ಉತ್ತರ ಹುಡುಕೋಣ ಬನ್ನಿ.

ಮಠ ಅಂದ್ರೇನೇ ಸಾಲಿ

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1864ರಿಂದ ನಮ್ಮದು ಕಲಾದಗಿ ಜಿಲ್ಲೆ. 1885ರಲ್ಲಿ ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಹೋಯ್ತು, ಹೆಸರೂ ಬದಲಾಯ್ತು. ಇಳಕಲ್ಲು ಆಗ ಹುನಗುಂದ ತಾಲೂಕಿನ ನೇಕಾರರ ಪೇಟೆ.

ಸರ್ಕಾರಿ ಶಾಲೆ ಬರೋ ಮೊದಲು ಇಲ್ಲಿದ್ದದ್ದು ಗಾಂವಠಿ ಶಾಲೆ. ಜನ ಅದನ್ನ ಕರೀತಿದ್ದದ್ದು ಮಠ ಅಂತ. ಅದಕ್ಕೆ ಅಂತ ಪ್ರತ್ಯೇಕ ಕಟ್ಟಡ ಇರ್ತಿದ್ದದ್ದು ಕಡಿಮೆ. ಗುಡಿಯ ಪೌಳಿ, ಊರ ಚಾವಡಿ, ಇಲ್ಲಾ ಉಳ್ಳವರ ಮನೆ ಪಡಸಾಲಿ. ಕಲಿಸೋರು ಒಬ್ಬ ಐನೋರು ಅಥವಾ ಪಂತೋಜಿ. ಪಗಾರ ಅಂದ್ರೆ ಜೋಳ, ಕಾಳು-ಕಡಿ, ಹಬ್ಬಕ್ಕೊಂದು ಕಾಣಿಕೆ. ಮಹಾನವಮಿಯಲ್ಲಿ ಹುಡುಗರು ಗುರುವಿನ ಜೊತೆ ಮನೆಮನೆಗೆ ಹೋಗಿ ಪದ ಹೇಳಿ ಕಾಣಿಕೆ ತರೋ ಪದ್ಧತಿಯೂ ಇತ್ತು. ಭಾನುವಾರದ ರಜೆ ಅನ್ನೋದು ಗೊತ್ತಿರಲಿಲ್ಲ. ರಜೆ ಏನಿದ್ರೂ ಅಮಾವಾಸ್ಯೆ, ಹುಣ್ಣಿಮೆಗೆ.

ದಿನ ಶುರುವಾಗ್ತಿದ್ದದ್ದು ಬೆಳಿಗ್ಗೆ ಆರಕ್ಕೇ. ಸಣ್ಣವರು ನೆಲದ ಮೇಲೆ ಉಸುಕು ಹರವಿ, ಬೆರಳಿನಿಂದ ಅಕ್ಷರ ತಿದ್ದೋರು. ಮೊದಲು ಓನಾಮ, ಆಮೇಲೆ ಕಾಗುಣಿತ. ತಪ್ಪಾದ್ರೆ ಕೈಯಿಂದ ಸವರಿದ್ರೆ ಆಯ್ತು, ಖರ್ಚಿಲ್ಲ. ಕೈ ಕುದುರಿದ ಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಚಿ ಮಾಡಿದ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದು. ನಮ್ಮ ಟ್ಯಾಬ್ಲೆಟ್‌ಗಳಿಗೆ ಬಹಳ ಹಿಂದಿನ ಅಜ್ಜ ಅನ್ನಿ.

ಲೆಕ್ಕದ ಗಮ್ಮತ್ತೇ ಬೇರೆ. ಎರಡೊಂದ್ಲೆ ಎರಡು ಅಷ್ಟೇ ಅಲ್ಲ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ, ಇವುಗಳ ಮಗ್ಗಿಯೂ ಬಾಯಿಗೆ ಬರಬೇಕು. ಯಾಕಂದ್ರೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದೂಕಾಲು ಸೇರು ಕಾಳಿಗೆ ಎಷ್ಟು ಅಂತ ಸಂತೆಯಲ್ಲಿ ನಿಂತಲ್ಲೇ ಹೇಳಬೇಕಲ್ಲ! ಹುಡುಗರು ಸಂಜೆ ಸಾಲಾಗಿ ನಿಂತು ರಾಗವಾಗಿ ಮಗ್ಗಿ ಒದರೋದು ಓಣಿಗೆಲ್ಲ ಕೇಳೋದು.

ಇದನ್ನ ಓದಿ ‘ಆಹಾ, ನಮ್ಮ ಪರಂಪರೆ’ ಅಂತ ಫಾರ್ವರ್ಡ್ ಮಾಡೋ ಮೊದಲು ಶಿಕ್ಷೆಯ ಪಟ್ಟಿಯನ್ನೂ ನೋಡಿ. ಕೋದಂಡ ಅಂತ ಒಂದಿತ್ತು. ಹುಡುಗನ ಎರಡೂ ಕೈ ಹಗ್ಗಕ್ಕೆ ಕಟ್ಟಿ ಜಂತಿಗೆ ಜೋತು ಬಿಡೋದು. ಕ್ಯಾಂಬೆಲ್ ವರದಿಯಲ್ಲಿ ಇದೂ ಇದೆ, ಬಿಡುವಿಲ್ಲದೆ ಬಸ್ಕಿ ಹೊಡೆಸೋದೂ ಇದೆ. ಆರು-ಏಳು ವರ್ಷದ ಮಕ್ಕಳಿಗೆ.

ಉಸುಕು ಹಡಗು ಹತ್ತಿತು

ಇಲ್ಲೊಂದು ತಿರುವಿದೆ. ಆ ರೀಲಿನಲ್ಲಿ ಕಂಡ ಇಂಗ್ಲೆಂಡಿನ ಶಾಲೆಯಲ್ಲಿ ದೊಡ್ಡ ಹುಡುಗ ಸಣ್ಣವರಿಗೆ ಪಾಠ ಹೇಳಿಕೊಡ್ತಾನೆ. ಅವನಿಗೆ ಮಾನಿಟರ್ ಅಂತ ಹೆಸರು. ಆ ಐಡಿಯಾ ಹೋದದ್ದು ನಮ್ಮ ದಕ್ಷಿಣದಿಂದ.

ಆಂಡ್ರ್ಯೂ ಬೆಲ್ ಅಂತ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ವಹಿಸಿಕೊಂಡ. ಕಲಿಸೋರು ಸಾಲ್ತಿರಲಿಲ್ಲ. ಒಂದು ದಿನ ಊರ ಮಕ್ಕಳು ಉಸುಕಿನ ಮೇಲೆ ಬರೀತಾ ಕಲಿಯೋದನ್ನ ನೋಡಿದ. ಅದನ್ನೇ ತನ್ನ ಶಾಲೆಗೆ ತಂದ, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ತಂದ. ಒಬ್ಬ ಮೇಷ್ಟ್ರ ಪಗಾರದಲ್ಲಿ ನೂರಾರು ಮಕ್ಕಳಿಗೆ ಕಲಿಸಬಹುದು ಅಂದ್ರೆ ಯಾವ ಬಜೆಟ್ ಬೇಡ ಅನ್ನುತ್ತೆ? ‘ಮದ್ರಾಸ್ ಸಿಸ್ಟಮ್’ ಅನ್ನೋ ಹೆಸರಿನಲ್ಲೇ ಇಂಗ್ಲೆಂಡಿನ ತುಂಬ ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಲ್ಲಿ ಬೆಲ್ ಕೊಟ್ಟ ದುಡ್ಡಿನಿಂದ ಶುರುವಾದ ಶಾಲೆಯ ಹೆಸರು ಇವತ್ತಿಗೂ ಮದ್ರಾಸ್ ಕಾಲೇಜ್.

ನಮ್ಮ ಕ್ಯಾಂಬೆಲ್ ಕೂಡ ಇದನ್ನ ಒಪ್ಪಿಕೊಂಡಿದ್ದಾನೆ. ಬಳ್ಳಾರಿಯ ಶಾಲೆಗಳಲ್ಲಿ ದೊಡ್ಡವರು ಸಣ್ಣವರಿಗೆ ಕಲಿಸೋ ರೀತಿ ಮೆಚ್ಚುವಂಥದ್ದು, ಇಂಗ್ಲೆಂಡ್ ಅದನ್ನ ಅನುಕರಿಸಿದ್ದು ಸರಿಯಾಗೇ ಇದೆ ಅಂತ ಬರೆದಿದ್ದಾನೆ.

ಡೆಪ್ಯೂಟಿ ಬರ್ತಾರಂತ!

1854ರಲ್ಲಿ ವುಡ್ ಸಾಹೇಬನ ಶಿಕ್ಷಣ ಆದೇಶ ಬಂತು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು. 1860ರ ದಶಕದಲ್ಲಿ ರೈತರ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆ ಹೆಚ್ಚುವರಿ ಕರ ಹಾಕಿ, ಅದರ ಮೂರನೇ ಒಂದು ಪಾಲನ್ನ ಶಾಲೆಗಳಿಗೆ ಇಟ್ಟರು. ಹೀಗೆ ಹಳ್ಳಿಗಳಲ್ಲಿ ಸರ್ಕಾರಿ ಕನ್ನಡ ಸಾಲಿ ಒಂದೊಂದಾಗಿ ತೆರೆದವು. ಪ್ರಾಥಮಿಕ ಶಾಲೆಗೆ ನಮ್ಮ ಕಡೆ ಇವತ್ತಿಗೂ ‘ಕನ್ನಡ ಸಾಲಿ’ ಅಂತಾನೇ ಅನ್ನೋದು.

ಆ ‘ಕನ್ನಡ’ ಅನ್ನೋ ಮಾತು ಸುಮ್ಮನೆ ಬಂದದ್ದಲ್ಲ. ಪೇಶ್ವೆಗಳ ಕಾಲದಿಂದ ಕಚೇರಿಯಲ್ಲಿ ಮರಾಠಿ ನಡೀತಿತ್ತು, ಶಾಲೆಯಲ್ಲೂ ಅದರದ್ದೇ ಕಾರುಬಾರು. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಕಲಿಸಬೇಕು ಅಂತ ಊರೂರು ಸುತ್ತಿದವರು ಧಾರವಾಡದ ಚನ್ನಬಸಪ್ಪನವರು (1834–1881). ಡೆಪ್ಯೂಟಿ ಇನ್ಸ್‌ಪೆಕ್ಟರ್ ಆಗಿದ್ದರು. ಹುದ್ದೆಯೇ ಹೆಸರಿಗೆ ಅಂಟಿಕೊಂಡು ‘ಡೆಪ್ಯೂಟಿ ಚನ್ನಬಸಪ್ಪ’ ಆದರು. ಇಲಾಖೆಯಲ್ಲಿ ಅವರ ಬೆನ್ನಿಗೆ ನಿಂತದ್ದು ರಸೆಲ್ ಅನ್ನೋ ಇಂಗ್ಲಿಷ್ ಅಧಿಕಾರಿ. ಶಿಕ್ಷಕರಿಗಾಗಿ ಚನ್ನಬಸಪ್ಪನವರು ಶುರು ಮಾಡಿದ ಪತ್ರಿಕೆಯ ಹೆಸರು ‘ಮಠಪತ್ರಿಕೆ’. ಮುಂದೆ ಅದು ‘ಶಾಲಾಪತ್ರಿಕೆ’ ಆಯ್ತು. ಒಂದು ಪತ್ರಿಕೆಯ ಹೆಸರು ಬದಲಾದದ್ದರಲ್ಲೇ ಮಠ ಹೋಗಿ ಶಾಲೆ ಬಂದ ಕಥೆ ಇದೆ.

ಉಸುಕು, ಕಡತದ ಜಾಗಕ್ಕೆ ಪಾಟಿ ಬಂತು. ಅಚ್ಚಾದ ಪುಸ್ತಕ, ಹಾಜರಿಪಟ್ಟಿ, ಗಂಟೆ ಬಂದವು. ಬಿನ್ನೆತ್ತಿ, ಒಂದನೆತ್ತಿ, ಎರಡನೆತ್ತಿ ಅಂತ ಇಯತ್ತೆಗಳು ಬಂದವು. ಏಳನೆತ್ತಿ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದ್ರೆ ಮಾಸ್ತರಿಕೆಯೋ ತಲಾಠಿ ಕೆಲಸವೋ ಸಿಗೋದು. ನಮ್ಮ ಅಜ್ಜ ಊರ ಹಿರಿಯರ ಬಗ್ಗೆ ಹೇಳುವಾಗ ‘ಅವರು ಮುಲ್ಕಿ ಪಾಸಾದವರು’ ಅಂತ ದನಿ ತಗ್ಗಿಸಿ ಹೇಳ್ತಿದ್ದರು. ಈಗ ನಾವು ಐಐಟಿ ಅಂದ ಹಾಗೆ.

ವರ್ಷಕ್ಕೊಮ್ಮೆ ಡೆಪ್ಯೂಟಿ ಸಾಹೇಬರ ತಪಾಸಣೆ. ಅವತ್ತು ಮಾಸ್ತರರ ಎದೆ ಹುಡುಗರ ಎದೆಗಿಂತ ಜೋರಾಗಿ ಬಡ್ಕೊಳ್ತಿತ್ತು ಅಂತ ಕಾಣುತ್ತೆ. ಇಂಗ್ಲೆಂಡಿನಲ್ಲಿ 1862ರಿಂದ ಒಂದು ನಿಯಮ ಇತ್ತು. ಇನ್ಸ್‌ಪೆಕ್ಟರ್ ಬಂದಾಗ ಎಷ್ಟು ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಪಾಸಾಗ್ತಾರೋ ಅದರ ಮೇಲೆ ಶಾಲೆಗೆ ಅನುದಾನ. ಮುಂಬಯಿ ಪ್ರಾಂತದ ಅನುದಾನಿತ ಶಾಲೆಗಳಿಗೂ ಇಂಥದ್ದೇ ಲೆಕ್ಕ ಬಂತು. ನಮ್ಮ ಟಾರ್ಗೆಟ್, ಅಪ್ರೈಸಲ್, ವೇರಿಯಬಲ್ ಪೇ ಎಲ್ಲ ಇದರ ಮೊಮ್ಮಕ್ಕಳೇ. ಪರಿಣಾಮವೂ ನಮಗೆ ಗೊತ್ತಿರೋದೇ: ಇನ್ಸ್‌ಪೆಕ್ಟರ್ ಏನು ಕೇಳ್ತಾರೋ ಅದನ್ನ ಮಾತ್ರ ಬಾಯಿಪಾಠ ಮಾಡಿಸೋದು. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಹಕ್ಕಿ, ಹೊಲ, ಮಗ್ಗ

1862ರ ಆ ನಿಯಮದ ಜೊತೆಗೇ ಇಂಗ್ಲೆಂಡಿನ ಮುಖ್ಯೋಪಾಧ್ಯಾಯರು ಶಾಲೆಯ ದಿನಚರಿ ಬರೆದಿಡಬೇಕಾಯ್ತು. ಆ ಹಳೇ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರೋ ದೂರು ಒಂದೇ, ಮಕ್ಕಳು ಬಂದಿಲ್ಲ. ಯಾಕೆ? ಸುಗ್ಗಿ. ಆಲೂಗಡ್ಡೆ ಆರಿಸೋದು. ಹೊಲದ ಕಲ್ಲು ಹೆಕ್ಕೋದು. ಮತ್ತೆ, ಬಿತ್ತಿದ ಹೊಲದಲ್ಲಿ ನಿಂತು ಹಕ್ಕಿ ಓಡಿಸೋದು.

ಹಕ್ಕಿ ಅಂದ ಕೂಡಲೇ ನನಗೆ ನಮ್ಮ ಹುನಗುಂದದ ಎರೆಹೊಲ ಕಣ್ಣಿಗೆ ಕಟ್ಟಿತು. ಹಿಂಗಾರಿ ಬಿಳಿಜೋಳ ತೆನೆ ಬಿಚ್ಚಿ ಕಾಳು ಹಾಲುಗಟ್ಟೋ ಹೊತ್ತಿಗೆ ಹಿಂಡುಹಿಂಡು ಹಕ್ಕಿ ಬೀಳ್ತಾವೆ. ಅಟ್ಟಣಿಗೆ ಮೇಲೆ ನಿಂತು, ಕವಣೆ ಬೀಸಿ, ‘ಹೋ’ ಅಂತ ಕೂಗಬೇಕು. ಈ ಕೆಲಸಕ್ಕೆ ಬೇಕಾದ್ದು ಗಟ್ಟಿ ಗಂಟಲು, ಚುರುಕು ಕಣ್ಣು. ಎಂಟು-ಹತ್ತು ವರ್ಷದ ಹುಡುಗ ಸಾಕು. ನಾನು ಕಲಿಯುವಾಗಲೂ ಹಾಜರಿ ಕೂಗಿದ್ರೆ ಹಿಂದಿನಿಂದ ಒಂದು ದನಿ ಬರೋದು: ‘ಹಕ್ಕಿ ಕಾಯಾಕ ಹೋಗ್ಯಾನ್ರಿ, ಸಾಲಿಗೆ ಬರಂಗಿಲ್ಲ.’

ಇಳಕಲ್ಲಿನಲ್ಲಿ ಹೊಲದ ಜಾಗದಲ್ಲಿ ಮಗ್ಗ. ಕುಣಿಮಗ್ಗದಲ್ಲಿ ಒಬ್ಬರು ಕೂತು ನೇಯಬೇಕಾದ್ರೆ ಮನೆಮಂದಿಯೆಲ್ಲ ದುಡೀಬೇಕು. ಕಂಡಿಕೆ ಸುತ್ತೋದು, ನೂಲು ಹಾಸೋದು. ಇಳಕಲ್ಲ ಸೀರೆಯ ವಿಶೇಷವೇ ಒಡಲಿನ ಹಾಸು ಮತ್ತು ಸೆರಗಿನ ರೇಷ್ಮೆ ಹಾಸು ಎರಡನ್ನೂ ಎಳೆಎಳೆಯಾಗಿ ಕೂಡಿಸೋ ‘ಕೊಂಡಿ’. ಅಂಥ ಮನೆಯಲ್ಲಿ ಒಂದು ಮಗು ಸಾಲಿಗೆ ಹೋದ್ರೆ ಒಂದು ಜೋಡಿ ಕೈ ಕಮ್ಮಿ.

ಬಟ್ಟೆಯ ವಿಷಯ ಕ್ಯಾಂಬೆಲ್‌ಗೂ ಗೊತ್ತಾಗಿತ್ತು. ಬಳ್ಳಾರಿಯಲ್ಲಿ ಶಾಲೆ ಸೊರಗೋಕೆ ಬಡತನ ಕಾರಣ, ಯುರೋಪಿನ ಬಟ್ಟೆ ಬಂದು ಇಲ್ಲಿಯ ಕೈಕಸುಬಿನವರ ಗಳಿಕೆ ಬಿದ್ದುಹೋಯ್ತು ಅಂತ ಆಗಲೇ ಬರೆದ. ಅವನ ಜಿಲ್ಲೆಯಲ್ಲಿ ಆಗ 9 ಲಕ್ಷಕ್ಕೂ ಮೀರಿದ ಜನ, 533 ಶಾಲೆ, ಕಲಿಯೋ ಮಕ್ಕಳು 6,641. ಸಾವಿರ ಜನಕ್ಕೆ ಏಳು ಮಕ್ಕಳೂ ಇಲ್ಲ.

ಇದರ ಮೇಲೆ 1876ರಿಂದ 78ರ ಬರ ಬಿತ್ತು. ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ಕಲಾದಗಿ ಒಂದು. 1872ರಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 6 ಲಕ್ಷ 40 ಸಾವಿರದ ಆಸುಪಾಸಿಗೆ ಇಳಿಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಒಂದನೆತ್ತಿ, ಎರಡನೆತ್ತಿ ಅಂತ ಸಾಲಾಗಿ ಕೂತಿದ್ದ ಮಕ್ಕಳೂ ಆ ಲೆಕ್ಕದಲ್ಲಿ ಇದ್ದಾರೆ.

ಬಾಗಿಲ ಹೊರಗೆ

ಇಲ್ಲಿವರೆಗೆ ನಾನು ‘ಹುಡುಗರು, ಹುಡುಗರು’ ಅಂತಾನೇ ಬರೆದದ್ದು ನಿಮಗೆ ಗೊತ್ತಾಗಿರಬೇಕು. ಬೇಕಂತಲೇ ಬರೆದೆ. ಬಳ್ಳಾರಿಯ ಆ 6,641 ಮಕ್ಕಳಲ್ಲಿ ಹುಡುಗಿಯರು ಕೇವಲ 60.

ಮುಂಬಯಿ ಪ್ರಾಂತದ ಪುಣೆಯಲ್ಲಿ ಫುಲೆ ದಂಪತಿ ಹುಡುಗಿಯರ ಶಾಲೆ ತೆರೆದದ್ದು 1848ರಲ್ಲಿ. ನಮ್ಮ ಕಡೆ, ಆಗ ಬಾದಾಮಿ ತಾಲೂಕಿಗೆ ಸೇರಿದ್ದ ಗುಳೇದಗುಡ್ಡಕ್ಕೆ 1851ರಲ್ಲಿ ಬಾಸೆಲ್ ಮಿಷನ್ ಬಂತು. ಮಿಷನ್ನಿನವರು ಹೋದಲ್ಲೆಲ್ಲ ಶಾಲೆ ತೆರೆದು ಹೆಣ್ಣುಮಕ್ಕಳಿಗೂ ಕಲಿಸಿದರು. ಆದ್ರೆ ಸಾಮಾನ್ಯ ಮನೆಯ ಹುಡುಗಿ ಪಾಟಿಚೀಲ ಹಿಡಿದು ಸಾಲಿಗೆ ಹೋಗೋಕೆ ವಿಕ್ಟೋರಿಯಾ ಕಾಲವೇ ಮುಗಿಯಬೇಕಾಯ್ತು.

ಇನ್ನು ಕೆಲವರಿಗೆ ಬಡತನಕ್ಕಿಂತ ಮೊದಲು ಬಾಗಿಲೇ ಅಡ್ಡ ಬಂತು. 1856ರ ಜೂನ್‌ನಲ್ಲಿ ಧಾರವಾಡದ ಒಬ್ಬ ಮಹಾರ್ ಹುಡುಗನ ಪರವಾಗಿ ಮುಂಬಯಿ ಸರ್ಕಾರಕ್ಕೆ ಒಂದು ಅರ್ಜಿ ಹೋಯ್ತು. ಫೀ ಕೊಡೋಕೆ ತಯಾರಿದ್ದೇನೆ, ಆದ್ರೂ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಸೇರಿಸಿಕೊಳ್ತಿಲ್ಲ ಅಂತ. ಸರ್ಕಾರ ಕೈಚೆಲ್ಲಿತು. ಒಬ್ಬ ಹುಡುಗನಿಗಾಗಿ ಶಾಲೆ ಹಾಳಾಗೋದು ಬೇಡ ಅನ್ನೋ ಅರ್ಥದ ಉತ್ತರ ಕೊಟ್ಟಿತು. ವಿಷಯ ಲಂಡನ್ನಿನವರೆಗೆ ಹೋಯ್ತು. ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ 1858ರಲ್ಲಿ ಕಂಪನಿಯ ನಿರ್ದೇಶಕರು ಹೇಳಿದರು. ಕಾಗದದ ಮೇಲೆ ಹುಡುಗ ಗೆದ್ದ. ಅವನ ಹೆಸರನ್ನ ಇತಿಹಾಸ ಉಳಿಸಿಕೊಳ್ಳಲಿಲ್ಲ.

ಕಾಗದಕ್ಕೂ ಸಾಲಿಯ ನೆಲಕ್ಕೂ ಎಷ್ಟು ದೂರ? 1900ರ ನವೆಂಬರ್ 7ರಂದು ಇದೇ ಮುಂಬಯಿ ಪ್ರಾಂತದ ಸಾತಾರಾದಲ್ಲಿ ಇನ್ನೊಬ್ಬ ಹುಡುಗ ಸರ್ಕಾರಿ ಶಾಲೆಗೆ ಸೇರಿದ. ಬೇರೆ ಕೂರಬೇಕಿತ್ತು, ಕೂರೋಕೆ ಗೋಣಿತಟ್ಟು ಮನೆಯಿಂದ ತಂದು, ಮತ್ತೆ ಮನೆಗೆ ಒಯ್ಯಬೇಕಿತ್ತು. ಹೆಸರು ಭೀಮರಾವ್ ಅಂಬೇಡ್ಕರ್. ಅದಾಗಿ ಎರಡೂವರೆ ತಿಂಗಳಿಗೆ ವಿಕ್ಟೋರಿಯಾ ರಾಣಿ ತೀರಿಕೊಂಡಳು. ಧಾರವಾಡದ ಅರ್ಜಿಯಿಂದ ಸಾತಾರಾದ ಗೋಣಿತಟ್ಟಿಗೆ 44 ವರ್ಷ.

ನನ್ನ ಗೆಳೆಯನ ಪ್ರಶ್ನೆಗೆ ಉತ್ತರ ಇದು. ಸಾಲಿ ಹೆಂಗಿತ್ತು ಅನ್ನೋದು ನೀನು ಯಾರ ಮನೆಯಲ್ಲಿ ಹುಟ್ಟಿದ್ದೆ ಅನ್ನೋದರ ಮೇಲಿತ್ತು. ಒಳಗೆ ಕೂತವರ ಕಥೆ ಮಗ್ಗಿ, ಕಡತ, ಛಡಿ ಏಟು. ಹೊರಗೆ ಉಳಿದವರು ಹೆಚ್ಚು ಜನ, ಅವರ ಕಥೆ ಒಂದೇ ಸಾಲು: ಬಂದಿಲ್ಲ.

ಇವತ್ತಿನ ಹಾಜರಿ

ಇಂಗ್ಲೆಂಡ್ 1880ರಲ್ಲಿ ಹತ್ತು ವರ್ಷದವರೆಗಿನ ಮಕ್ಕಳಿಗೆ ಶಾಲೆ ಕಡ್ಡಾಯ ಮಾಡಿತು, 1891ರಲ್ಲಿ ಬಹುಪಾಲು ಶಾಲೆಗಳ ಫೀ ತೆಗೆಯಿತು. ನಮ್ಮಲ್ಲಿ ಗೋಖಲೆಯವರು 1911ರಲ್ಲಿ ಅಂಥದ್ದೇ ಮಸೂದೆ ತಂದ್ರು, ಮರುವರ್ಷ ಬಿದ್ದುಹೋಯ್ತು. ದೇಶಕ್ಕೆಲ್ಲ ಅನ್ವಯಿಸೋ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ.

ಈಗ ಬಾಗಿಲು ತೆರೆದಿದೆ. ಬಿಸಿಯೂಟ ಇದೆ, ಸಮವಸ್ತ್ರ ಇದೆ. ಆದ್ರೂ ಬಾದಾಮಿ, ಹುನಗುಂದ ಕಡೆಯಿಂದ ಕುಟುಂಬಗಳು ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗ್ತಾವೆ. ಮಕ್ಕಳೂ ಜೊತೆಗೆ ಹೋಗ್ತಾವೆ. ಊರ ಸಾಲಿಯ ಪಟ್ಟಿಯಲ್ಲಿ ಹೆಸರು ಇರುತ್ತೆ, ಮಗು ನಿಮ್ಮ ಅಪಾರ್ಟ್‌ಮೆಂಟ್ ಪಕ್ಕದ ಸೈಟಿನ ತಗಡಿನ ಶೆಡ್ಡಿನಲ್ಲಿ ತಂಗಿಯನ್ನ ಎತ್ತಿಕೊಂಡು ನಿಂತಿರುತ್ತೆ. ನಾವು ಕ್ಯಾಬ್‌ಗೆ ಕಾಯುವಾಗ ದಿನಾ ನೋಡೋ ಮಗು ಅದು.

ಅಂಥ ಅಪ್ಪ-ಅಮ್ಮ ಎಷ್ಟೋ ಸಲ ‘ಟಿಸಿ ಊರಾಗ ಐತ್ರಿ, ಇಲ್ಲಿ ಸಾಲಿಗೆ ಹೆಂಗ ಹಚ್ಚೋದು?’ ಅಂತಾರೆ. ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವನ್ನ ಟಿಸಿ ತಡವಾಯ್ತು ಅಂತ ಸರ್ಕಾರಿ ಶಾಲೆ ವಾಪಸ್ ಕಳಿಸುವ ಹಾಗಿಲ್ಲ. ವರ್ಷದ ನಡುವೆ ಬಂದ್ರೂ ಸೇರಿಸಿಕೊಳ್ಳಬೇಕು. ಇದನ್ನ ಅವರಿಗೆ ನಮ್ಮ ಭಾಷೆಯಲ್ಲೇ ಹೇಳಿ, ಒಂದು ಶನಿವಾರ ಹತ್ತಿರದ ಕನ್ನಡ ಶಾಲೆಯವರೆಗೆ ಜೊತೆಗೆ ಹೋಗಿ ಬರೋದು ನಮ್ಮ ಕೈಲಾಗೋ ಕೆಲಸ.

ಇನ್ನೊಂದು ಕೆಲಸ. ನಿಮ್ಮೂರ ಕನ್ನಡ ಸಾಲಿಗೆ ನೂರೋ ನೂರೈವತ್ತೋ ತುಂಬೋ ಹೊತ್ತಿಗೆ ಸ್ಮರಣಸಂಚಿಕೆಗೆ ಜಾಹೀರಾತು ಕೇಳಿಕೊಂಡು ಬರ್ತಾರಲ್ಲ, ಆಗ ಹೆಡ್‌ಮಾಸ್ತರರನ್ನ ಕೇಳಿ ಹಳೇ ಜನರಲ್ ರಿಜಿಸ್ಟರ್ ಬಿಡಿಸಿ ನೋಡಿ. ಸಾಧಕರ ಫೋಟೋ ಹೇಗೂ ಹಾಕ್ತೀರಿ. ಅದರ ಪಕ್ಕ ‘ಶಾಲೆ ಬಿಟ್ಟ ಕಾರಣ’ ಅನ್ನೋ ಕಾಲಮ್ಮಿನಲ್ಲಿ ಏನು ಬರೆದಿದ್ದಾರೆ ಅಂತಾನೂ ಒಂದು ಪುಟ ಹಾಕಿ. ಮೊದಲ ಹುಡುಗಿಯ ಹೆಸರು ಯಾವ ವರ್ಷ ಬಂತು, ಕೇರಿಯ ಮೊದಲ ಮಗು ಯಾವ ವರ್ಷ ಸೇರಿತು, ಅದನ್ನೂ ಬರೀರಿ.

ನಿಮಗೆ ಸಿಕ್ಕಿದ್ದನ್ನ ನನಗೂ ಕಳಿಸಿ. ಮುಂದೊಂದು ವಾರ ಇಲ್ಲೇ ಓದೋಣ.